ಹಳೆಯ ಗಾಲಿ, ಹೊಸ ಗೇಜು

ಹೋದ ಭಾನುವಾರ ಅಣ್ಣನ ಮಗ ನನ್ನನ್ನು ಊಟಕ್ಕೆ ಕಮಲಾಪುರಕ್ಕೆ ಕರೆದೊಯ್ಯಲು ಕಲಬುರಗಿಗೆ ತನ್ನ ಪಿಕಪ್ ತಂದಿದ್ದ. ಪಕ್ಕದಲ್ಲಿ ಕೂತ ನನಗೆ ಸ್ಟೇರಿಂಗಿನ ಹಿಂದೆ, ಮೀಟರುಗಳ ನಡುವೆ, ಒಂದು ಕೆಂಪು ಟಿಕಳಿ ಕಂಡಿತು. ಹೆಂಗಸರು ಹಣೆಗೆ ಅಂಟಿಸಿಕೊಳ್ಳುವಂಥದ್ದು. ಇದೇನಪ್ಪಾ ಎಂದೆ.

"ಸೆಕೆಂಡ್ ಹ್ಯಾಂಡ್ ಗಾಲಿ ಹಾಕ್ಸೀನಿ ಕಾಕಾ. ಇವುಗಳೊಳಗ ಹವಾ ತಿಳಿಸೋ ಸೆನ್ಸರ್ ಇಲ್ಲ. ಅದಕ್ಕ ಹಳದಿ ದೀಪ ಒಂದೇ ಸವನ ಉರೀತದ. ಕಣ್ಣಿಗಿ ಕಿರಿಕಿರಿ, ಮುಚ್ಚೀನಿ."

ನಗಬೇಕಾದ ಮಾತು. ನನಗೆ ನಗು ಬರಲಿಲ್ಲ. ಎಚ್ಚರಿಸುವವರ ಬಾಯಿ ಮುಚ್ಚಿಸುವ ವಿದ್ಯೆ ನಮ್ಮ ಮನೆಯಲ್ಲಿ ಅವನಿಂದ ಶುರುವಾದದ್ದಲ್ಲ ನೋಡಿ.

ಕಲಬುರಗಿಯನ್ನು ಇನ್ನೂ ಗುಲಬರ್ಗಾ ಎನ್ನುತ್ತಿದ್ದ ಕಾಲ, ತೊಂಬತ್ತರ ದಶಕದ ಕೊನೆ. ಅಣ್ಣನಿಗೆ ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ, ಗೊನೆ ಸಾಗಿಸಲು ಒಂದು ಹಳೆಯ ಪಿಕಪ್. ಕೆಂಪು ಬಾಳೆ ಬಲು ನಾಜೂಕು, ನಾಲ್ಕು ಕುಲುಕಾಟಕ್ಕೆ ಮೈ ಕಪ್ಪಾಗುತ್ತದೆ. ಅದಕ್ಕೇ ವೈನಿ, ಅಂದರೆ ಅಣ್ಣನ ಹೆಂಡತಿ, ಹಿಂದೆ ಗೊನೆಗಳ ನಡುವೆ ಕೂತು ಅವನ್ನು ಹಿಡಿದುಕೊಂಡೇ ಬರುತ್ತಿದ್ದರು. ಗಾಲಿಯಲ್ಲಿ ಹವಾ ಕಡಿಮೆಯಾದರೆ ಅವರಿಗೆ ಕೂತಲ್ಲೇ ತಿಳಿಯುತ್ತಿತ್ತು. ಕ್ಯಾಬಿನ್ನಿನ ತಗಡು ಬಡಿಯುತ್ತಿದ್ದರು, ಅಣ್ಣ ನಿಲ್ಲಿಸುತ್ತಿದ್ದ. ನಮ್ಮ ಗಾಡಿಯ ಸೆನ್ಸರ್ ಅವರೇ.

ಆ ವರ್ಷ ಅಣ್ಣ ಟೈಫಾಯ್ಡ್ ಆಗಿ ಮಲಗಿದ. ಬಾಳೆ ಕಾಯುವುದಿಲ್ಲವಲ್ಲ, ಗಾಡಿ ನನ್ನ ಕೈಗೆ ಬಂತು. ನಾನು ಗುಲಬರ್ಗಾದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ, ಲೈಸೆನ್ಸ್ ಸಿಕ್ಕು ಐದು ತಿಂಗಳಾಗಿತ್ತು. ಟೈರುಗಳು ಸವೆದು ನುಣುಪಾಗಿದ್ದವು. ಶಹಾಬಜಾರದ ಗುಜರಿ ಅಂಗಡಿಯಲ್ಲಿ ರಿಮ್ಮಿನ ಸಮೇತ ನಾಲ್ಕು ಹಳೆಯ ಗಾಲಿ ಹುಡುಕಿ ಹಾಕಿಸಿದೆ. ತೂತಿಗೆ ತೂತು ಕೂತಿತು, ನನಗೆ ಅಷ್ಟೇ ಸಾಕಾಯಿತು.

ಗಾಲಿ ಕೂರಿಸಿದ ಮಿಸ್ತ್ರಿ ಮಾತ್ರ ಬೇರೆ ಹೇಳಿದ: "ಸಾಬ್, ಬ್ಯಾರೆ ಗಾಡಿದು ರಿಮ್ ಅದಾವ. ಊರು ಮುಟ್ಟಿದ ಮ್ಯಾಲ ನಟ್ ಫಿರ್ ಏಕ್ ಬಾರ್ ಟೈಟ್ ಮಾಡ್ರಿ. ಮರೀಬ್ಯಾಡ್ರಿ."

ಮರೆತೆ. ಅದೇ ದಿನ ನಾನೊಂದು ಹವಾ ಅಳೆಯುವ ಗೇಜು ಕೊಂಡಿದ್ದೆ. ಅದನ್ನು ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸಿಕ್ಕಿಸಿಕೊಂಡು, ದಾರಿಯಲ್ಲಿ ಸಿಕ್ಕವರ ಸೈಕಲ್ಲಿಗೂ ಹಿಡಿದು ನೋಡುವ ಹುರುಪು. ನಟ್ಟಿನ ಮಾತು ಎಲ್ಲಿ ನೆನಪಿರಬೇಕು?

ಮರುದಿನ ಬೆಳಿಗ್ಗೆ ಗೊನೆ ತುಂಬಿಕೊಂಡು ಗುಲಬರ್ಗಾಕ್ಕೆ ಹೊರಟೆವು, ವೈನಿ ಎಂದಿನಂತೆ ಹಿಂದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ತಗಡು ಬಡಿದರು. ಇಳಿದು ನಾಲ್ಕೂ ಗಾಲಿಗೆ ಗೇಜು ಹಿಡಿದೆ.

"ನೋಡ್ರಿ ವೈನಿ, ಮುಳ್ಳು ಎಲ್ಲಾ ಕಡಿ ಬರೋಬ್ಬರಿ ತೋರಸ್ತದ."

"ಮುಳ್ಳೇನು ಹಿಂದ ಕುಂತದೇನು? ಈ ಎಡಗಡಿ ಗಾಲಿ ಕುಣಿಯಾಕತ್ತದ ತಮ್ಮಾ."

"ಹವಾ ಸರಿ ಅದ ರೀ."

ಎರಡನೆಯ ಸಲ ಬಡಿದಾಗ ಕೆಳಗಿಳಿಯಲೂ ಇಲ್ಲ, ಕಿಟಕಿಯಿಂದಲೇ ಅದೇ ಮಾತು ಹೇಳಿದೆ. ಮೂರನೆಯ ಸಲ ನಿಲ್ಲಿಸಲಿಲ್ಲ. ಮಕ್ಕಳಿಗೆ ವಾಯುವಿನ ಒತ್ತಡ ಕಲಿಸುವ ನನಗೆ ಇವರು ಹೇಳಿಕೊಡುವುದೇ ಎಂಬ ಸಿಟ್ಟು ನೆತ್ತಿಗೇರಿತ್ತು. ಕಿಟಕಿಯ ಗಾಜು ಏರಿಸಿದೆ. ಮುಂದೆ ಇಳಿಜಾರು, ಎದುರಿನಿಂದ ಲಾರಿಗಳು. ತಲೆಯ ಮೇಲೆ ಬಡಿತ ನಿಲ್ಲಲೇ ಇಲ್ಲ. ಹಲ್ಲು ಕಚ್ಚಿ ಆಕ್ಸಿಲರೇಟರ್ ತುಳಿದೆ.

ಇದ್ದಕ್ಕಿದ್ದಂತೆ ಬಡಿತ ನಿಂತಿತು. ಕನ್ನಡಿ ನೋಡಿದೆ. ರಸ್ತೆಯ ನಡುವೆ ಒಂದು ಗೊನೆ ಬಿದ್ದಿತ್ತು. ನೋಡುತ್ತಿದ್ದಂತೆ ಇನ್ನೊಂದು ಬಿತ್ತು. ಒಂದು ಕಾಯಿಗೆ ಉಗುರು ತಾಗಿದರೂ ಮುಖ ಸಣ್ಣದು ಮಾಡಿಕೊಳ್ಳುವ ವೈನಿ ಗೊನೆಗಳನ್ನು ರಸ್ತೆಗೆ ನೂಕುತ್ತಿದ್ದರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಮೆಲ್ಲಗೆ ಬ್ರೇಕ್ ಒತ್ತಿದೆ. ಗಾಡಿ ಹಿಂಭಾಗ ತೂರಾಡುತ್ತಾ ಎಡಕ್ಕೆಳೆದು, ರಸ್ತೆಯ ಅಂಚಿನಲ್ಲಿ ನಿಂತಿತು.

ಎಡಗಡೆ ಹಿಂದಿನ ಗಾಲಿಯಲ್ಲಿ ಹವಾ ಬರೋಬ್ಬರಿ ಇತ್ತು. ಐದು ನಟ್ಟುಗಳಲ್ಲಿ ಮೂರು ಇರಲಿಲ್ಲ. ನಾಲ್ಕನೆಯದು ನನ್ನ ಬೆರಳಿಗೇ ಬಿಚ್ಚಿ ಬಂತು. ಇನ್ನೊಂದು ಫರ್ಲಾಂಗು ಹೋಗಿದ್ದರೆ ಗಾಲಿ ಕಳಚುತ್ತಿತ್ತು, ಅದರ ಮೇಲೆಯೇ ಕೂತಿದ್ದ ವೈನಿ ಲಾರಿಗಳ ಅಡಿಗೆ ಬೀಳುತ್ತಿದ್ದರು. ಆ ನಟ್ಟು ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದೆ.

ವೈನಿ ಇಳಿದು ಬಂದರು. ಬಲಗೈ ತುಂಬ ರಕ್ತ. ಬಡಿದು ಬಡಿದು ಹಸಿರು ಬಳೆಗಳೆಲ್ಲ ಒಡೆದು ಮಣಿಕಟ್ಟಿಗೆ ಚುಚ್ಚಿದ್ದವು. ಅವರು ರಕ್ತದ ಕಡೆ ನೋಡಲಿಲ್ಲ.

"ನಿಮ್ಮಣ್ಣ ಜ್ವರದಾಗ ಮಲಗ್ಯಾರ. ಈ ಬರೇ ಕೈ ಹಿಡ್ಕೊಂಡು ಅವರ ಮುಂದ ಹೆಂಗ ನಿಂದ್ರಲಿ?" ಅಂದವರೇ ಅಳತೊಡಗಿದರು.

ನಾನು ಉಳಿದ ಮೂರು ಗಾಲಿಗಳಿಂದ ಒಂದೊಂದು ನಟ್ಟು ಬಿಚ್ಚಿ ಇದಕ್ಕೆ ಹಾಕಿದೆ. ಎಲ್ಲವನ್ನೂ ಬಿಗಿ ಮಾಡಿದೆ. ಗುಲಬರ್ಗಾದ ಸೂಪರ್ ಮಾರ್ಕೆಟ್ ಎಂಬ ಪೇಟೆಗೆ ಹೋಗಿ ಬಾಳೆ ಇಳಿಸುವ ಮೊದಲು ಬಳೆಗಾರನ ಅಂಗಡಿ ಹುಡುಕಿದೆವು. ಗಾಯದ ಕೈಯ ಮೇಲೆ ಅವನು ಬಳೆ ಏರಿಸುವಾಗ ವೈನಿ ಕಣ್ಣು ಮುಚ್ಚಿಕೊಂಡಿದ್ದರು. ನಾನು ಹೊರಗೆ ಆಟೋಗಳನ್ನು ನೋಡುತ್ತಾ ನಿಂತೆ.

ಮನೆಗೆ ಬಂದಾಗ ಅಣ್ಣ ಹಾಸಿಗೆಯಿಂದಲೇ ಕೇಳಿದ, ಕೈಗೆ ಏನಾಯಿತು, ಎರಡು ಗೊನೆಯ ದುಡ್ಡು ಯಾಕೆ ಕಡಿಮೆ ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ವೈನಿ ಅಂದರು: "ತೂಕಡಿಕಿ ಬಂತ್ರೀ. ಜೋಲಿ ತಪ್ಪಿ ಬಿದ್ದೆ, ಗೊನಿನೂ ಬಿದ್ದವು."

ನಾನು ತೆರೆದ ಬಾಯಿ ಮುಚ್ಚಿದೆ. ಜ್ವರದವನಿಗೆ ಯಾಕೆ ಗಾಬರಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಣ್ಣನ ಜ್ವರ ಇಳಿಯಿತು, ನನ್ನ ಬಾಯಿ ತೆರೆಯಲಿಲ್ಲ. ಅಂದಿನಿಂದ ಮದುವೆ, ಮುಂಜಿ, ಸೀಮಂತ, ನಾಲ್ಕು ಜನ ಸೇರಿದಲ್ಲೆಲ್ಲ ಅಣ್ಣನದು ಅದೇ ಕಥೆ: "ನಮ್ಮಾಕಿ ಬಾಳಿಗೊನಿ ಮ್ಯಾಲ ನಿದ್ದಿ ಹೊಡದಾಕಿ!" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಹೋದ ಭಾನುವಾರದ ಊಟದಲ್ಲೂ ಅಣ್ಣ ಹೊಸ ಬೀಗರ ಮುಂದೆ ಶುರು ಮಾಡಿದ. ದಾರಿಯುದ್ದಕ್ಕೂ ನಾನು ಆ ಕೆಂಪು ಟಿಕಳಿಯನ್ನೇ ನೋಡುತ್ತಾ ಬಂದಿದ್ದೆ. "ಅಣ್ಣಾ, ಅವರು ಮಲಗಿರಲಿಲ್ಲ," ಎಂದೆ. ಒಂದನ್ನೂ ಬಿಡದೆ ಹೇಳಿದೆ, ಗಾಜು ಏರಿಸಿದ್ದನ್ನೂ. ಯಾರೂ ನಗಲಿಲ್ಲ. ಅಣ್ಣ ತಾಟಿನಲ್ಲಿ ಕೈಯಿಟ್ಟುಕೊಂಡು ವೈನಿಯನ್ನೇ ನೋಡುತ್ತಿದ್ದ.

ರೊಟ್ಟಿ ಬಡಿಸುತ್ತಿದ್ದ ವೈನಿ 'ಹೋಗ್ಲಿ ಬಿಡೋ ತಮ್ಮಾ' ಎನ್ನುತ್ತಾರೆ ಎಂದು ಕಾದೆ.

"ಇವತ್ತ ಹೇಳ್ತಾನ, ನಾಳಿ ಹೇಳ್ತಾನ ಅಂತ ಇಷ್ಟು ವರ್ಷ ದಾರಿ ನೋಡೀನಿ," ಎಂದರು. "ಭಾಳ ಸಿಟ್ಟಿತ್ತು ನಿನ್ನ ಮ್ಯಾಲ."

ಅವರು ಅಂದೇ ಕ್ಷಮಿಸಿದ್ದಾರೆಂದುಕೊಂಡು, ಇಷ್ಟು ವರ್ಷ ನಾನು ಅವರ ಕೈಯ ರೊಟ್ಟಿಯನ್ನು ನಿಶ್ಚಿಂತೆಯಿಂದ ತಿಂದಿದ್ದೆ.