ಮೇಣದ ಮೇಲಿನ ಹೆಬ್ಬೆರಳು

ಬೆಳಗಿನ ಆರೂಕಾಲು. ರಾಮನಗರದ ಹೊರಗಿನ ಬಂಡೆಯೊಂದರ ಮೇಲೆ ಭಾನುಪ್ರಿಯ ಹಳೇ ಕಂಬಳಿ ಹಾಸಿ, ಬಾಣಂತಿಯನ್ನು ಕೂರಿಸುವಷ್ಟು ನಾಜೂಕಾಗಿ ಹಲಸಿನ ಮರದ ವೀಣೆಯನ್ನು ಇಡುತ್ತಿದ್ದಾರೆ. ಕಂಬಳಿಯ ಅಂಚು ಕಾಣದಂತೆ ಒಳಕ್ಕೆ ಮಡಚಿ, ತಾವು ಬರಿ ಕಲ್ಲಿನ ಮೇಲೆ ಬೋರಲು ಮಲಗಿ ಕ್ಯಾಮೆರಾ ಹಿಡಿಯುತ್ತಾರೆ.

"ಏಳೂವರೆವರ್ಗೂ ಅಷ್ಟೇ ಸಾ ಟೈಮು. ಆಮ್ಯಾಕೆ ಬಿಸ್ಲಿಗೆ ಮೇಣ ಮೆತ್ಗಾಯ್ತದೆ."

ವೀಣೆಯ ಇಪ್ಪತ್ನಾಲ್ಕು ಹಿತ್ತಾಳೆ ಮೆಟ್ಟಿಲುಗಳು ನಿಂತಿರುವುದೇ ಆ ಕಪ್ಪು ಮೇಣದ ಮೇಲೆ. ಮೆಟ್ಟಿಲು ಒಸಿ ಜಾರಿದರೂ ಶ್ರುತಿ ಕೆಟ್ಟಂತೆಯೇ.

ಮಾಗಡಿ ತಾಲ್ಲೂಕು ಕಲ್ಯದ ಈ ಹೆಣ್ಣುಮಗಳಿಗೆ ನಲವತ್ತೊಂದು ವರ್ಷ. ಮದುವೆ ಮನೆಗಳಲ್ಲಿ ಫೋಟೊ ತೆಗೆಯುತ್ತಿದ್ದವರು ಹನ್ನೊಂದು ವರ್ಷದಿಂದ ವೀಣೆ, ತಂಬೂರಿಗಳನ್ನು ಬಯಲಲ್ಲಿಟ್ಟು ತೆಗೆಯುತ್ತಾರೆ. ಬೆಂಗಳೂರಿನ ಸಂಗೀತ ಸಭೆಯೊಂದರ ಕ್ಯಾಲೆಂಡರಿಗೆ ವರ್ಷಕ್ಕೆ ಹನ್ನೆರಡು ಚಿತ್ರ, ಒಂದೊಂದಕ್ಕೂ ನಾಲ್ಕೈದು ಮುಂಜಾವು. ಮೊದಲ ಬಸ್ಸಿನಲ್ಲಿ ನುಡಿಸುವವರಿಂದ ಎರವಲು ತಂದ ವೀಣೆ ತಬ್ಬಿ ನಿಂತರೆ, ವಿದ್ವಾಂಸರೆಂದು ಜನ ಎದ್ದು ಸೀಟು ಬಿಡುತ್ತಾರೆ.

"ಫೋಟೊ ತೆಗಿಯೋಳು ಅಂದ್ಬುಟ್ರೆ ಮುಖಾನೇ ಬದ್ಲಾಯ್ತದೆ. ಅದ್ಕೇ ಈಗ ಸುಮ್ಕೆ ಕೂತ್ಕಬುಡ್ತೀನಿ."

ಕ್ಯಾಲೆಂಡರಿನಲ್ಲಿ ವೀಣೆ ಮಾಡಿದವರ ಹೆಸರಿದೆ, ನುಡಿಸುವವರ ಹೆಸರಿದೆ, ದೇಣಿಗೆ ಕೊಟ್ಟ ಸೀರೆ ಅಂಗಡಿಯ ಹೆಸರೂ ಇದೆ. ಭಾನುಪ್ರಿಯರದಿಲ್ಲ. ಪ್ರತಿ ವರ್ಷ ಕೇಳುತ್ತಾರೆ. "ಬಂಡೆ, ಗಿಡ, ಬೆಳಕು ಎಲ್ಲ ದೇವರು ಮಾಡಿದ್ದು. ನೀವು ಮಾಡಿದ್ದೇನಮ್ಮ?" ಎಂದರಂತೆ ಸಭೆಯ ಕಾರ್ಯದರ್ಶಿ.

ಹೋದ ವರ್ಷ ಅದೇ ಸಭೆಯವರು ಶೂಟಿಂಗ್ ನೋಡಲು ಎಂಟೂವರೆಗೆ ಆರಾಮಾಗಿ ಬಂದರು. ಬಿಸಿಲೇರಿತು, ಇನ್ನು ವೀಣೆ ಹೊರಗಿಡುವುದು ಬೇಡ ಎಂದು ಭಾನುಪ್ರಿಯ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಒಂಬತ್ತರ ಬಿಸಿಲಿಗೆ ಆ ವೀಣೆಯ ಮೂರನೇ ಮೆಟ್ಟಿಲು ವಾಲಿತು. ಗಾಬರಿಯಲ್ಲಿ ಓಡಿಹೋಗಿ ಮೇಣವನ್ನು ಹೆಬ್ಬೆರಳಿನಿಂದ ಒತ್ತಿ ಮೆಟ್ಟಿಲು ನಿಲ್ಲಿಸಿದರು, ವಾಪಸು ಬಂದು ಹಾಗೇ ಕ್ಲಿಕ್ಕಿಸಿದರು. ಮೇಣದಲ್ಲಿ ಉಳಿದ ಆ ಬೆರಳಿನ ಗೆರೆಗಳು ಈ ವರ್ಷದ ಜನವರಿ ಪುಟದಲ್ಲಿ ದೊಡ್ಡದಾಗಿ ಅಚ್ಚಾಗಿವೆ. ಕೊಳಕು ಬೆರಳಿಂದ ವೀಣೆಯ ಅಂದ ಕೆಡಿಸಿದಿರಿ ಎಂದು ಸಭೆಯವರಿಂದ ಫೋನಿನಲ್ಲಿ ಬೈಗುಳವಾಯಿತು. ಮರುಮುದ್ರಣದಲ್ಲಿ ಗುರುತನ್ನು ಅಳಿಸುತ್ತಾರಂತೆ.

ಭಾನುಪ್ರಿಯರ ಮನೆಯ ಗೋಡೆಯಲ್ಲಿ ಜೂನ್ ಬಂದರೂ ಜನವರಿಯೇ ನೇತಾಡುತ್ತಿದೆ.

"ಹನ್ನೊಂದು ವರ್ಸ ಹೆಸ್ರು ಹಾಕಿ ಅಂತ ಗೋಗರ್ದೆ. ಹಾಕ್ನಿಲ್ಲ. ಫೋಟೊದಾಗೆ ಅಳಿಸ್ಕಳ್ಲಿ ಬುಡಿ ಸಾ. ಆ ವೀಣೆ ಈಗ ದೊಡ್ಡ ದೊಡ್ಡ ಕಚೇರಿಗೆ ಹೋಯ್ತಾ ಐತೆ. ಮೂರ್ನೇ ಮೆಟ್ಲು ನಿಂತಿರಾದು ನನ್ನ ಹೆಬ್ಬೆಟ್ಟಿನ ಗುರ್ತಿನ ಮ್ಯಾಲೇ."