ಸೆರಗಿನ ಗಂಟಿನ ವಿಭೂತಿ

ನನ್ನ ಮೊಮ್ಮಗಳು ಭಾಗ್ಯಳ ಮೈಯಲ್ಲಿ ರಕ್ತ ತುಂಬಿಕೊಂಡಿದೆ! ನಿನ್ನೆ ಬೆಳಿಗ್ಗೆ ಬಳ್ಳಾರಿಯ ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು, "ನೋಡ್ರಿ ಅಜ್ಜಿ, ಈಗ ಕೆಂಪಗೈತಿ" ಅಂದರು. ಹೇಮಾವತಿಯ ಸಿದ್ದಪ್ಪಸ್ವಾಮಿಯನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ನಿಮಗೆ ಹೇಳದೆ ನನಗೆ ನೀರೂ ಇಳಿಯುವುದಿಲ್ಲ. ನಾನು ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಬರೆದದ್ದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮೂರು ಮಡಕಶಿರಾ ಕಡೆ, ಹೇಮಾವತಿಯ ಪಕ್ಕ. ಭಾಗ್ಯ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುವ ಕೆಲಸಕ್ಕೆ ಸೇರಿದಳು. ಹೆಣ್ಣುಮಗು ಒಂಟಿಯಾಗಿರಬಾರದೆಂದು ಅವಳಪ್ಪ, ಅಂದರೆ ನನ್ನ ಮಗ, ನನ್ನನ್ನು ಜೊತೆಗೆ ಕಳಿಸಿದ. ಅವಳು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೇ ಬರುವುದು. ನಾನು ಬಾಡಿಗೆ ಕೋಣೆಯಲ್ಲಿ ಕೂತು ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುತ್ತಿದ್ದೆ. ಸುತ್ತ ನಾಲ್ಕು ಕಡೆಯೂ ಮಿಷನ್ ಸದ್ದು. ಉಂಡೆಯಾ ಅಂತ ಕೇಳುವ ಬಾಯಿ ಮಾತ್ರ ಒಂದೂ ಇಲ್ಲ. ಎಷ್ಟೋ ದಿನ ಬರೀ ಸಿದ್ದಪ್ಪನ ಫೋಟೋದ ಜೊತೆಯೇ ಮಾತಾಡಿದ್ದೇನೆ.

ದೀಪಾವಳಿ ಕಳೆದ ಮೇಲೆ ಭಾಗ್ಯ ಮಿಷನ್ ಮುಂದೆಯೇ ತಲೆಸುತ್ತಿ ಬಿದ್ದಳು. ರಕ್ತ ತೀರಾ ಕಮ್ಮಿ ಎಂದು ಅಲ್ಲಿನ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು. ತಿಂಗಳುಗಟ್ಟಲೆ ನುಂಗಿದಳು, ಏರಲಿಲ್ಲ. ರಕ್ತ ಹಾಕಿಸಿದೆವು. ಸ್ವಲ್ಪ ದಿನಕ್ಕೆ ಮತ್ತೆ ಇಳಿಯಿತು. ಹೊಟ್ಟೆ ಉರಿ ಅನ್ನುತ್ತಿದ್ದಳು. "ಆ ಮೆಣಸಿನಕಾಯಿ ಬಜ್ಜಿ ಬಿಡೇ" ಎಂದು ಬೈದು ಸುಮ್ಮನಾದೆ. ಜೀನ್ಸಿನ ನೀಲಿ ಬಣ್ಣ ಹತ್ತಿದ ಬೆರಳಲ್ಲಿ ಉಗುರು ಬಿಳಿಚಿದ್ದು ನನಗೆಲ್ಲಿ ಕಾಣಬೇಕು?

ಆ ದಿನಗಳಲ್ಲಿ ನನಗೆ ಒಂದೇ ಸಮಾಧಾನವಿತ್ತು. ಹುಡುಗಿಗೆ ಭಕ್ತಿ ಬಂದಿತ್ತು. ಕೆಲಸದಿಂದ ಬಂದ ತಕ್ಷಣ, "ಅಜ್ಜಿ, ವಿಭೂತಿ ಒಸಿ ಕೊಡು" ಅನ್ನುವಳು. ಹಣೆಗಿಟ್ಟು ಉಳಿದದ್ದನ್ನು ಬಾಯಿಗೆ ಹಾಕಿಕೊಳ್ಳುವಳು. "ಇನ್ನೊಸಿ ಕಣಜ್ಜಿ." ಮೈಗೆ ಪ್ರಸಾದ ಹತ್ತುತ್ತದೆ ಎಂದು ನಾನು ಧಾರಾಳವಾಗಿ ಕೊಟ್ಟೆ. ಊರಿಂದ ವಿಭೂತಿ ಗಟ್ಟಿಗಳನ್ನು ತರಿಸಿಯೂ ಕೊಟ್ಟೆ.

ಹುಡುಗಿಗೆ ಏನೋ ದೊಡ್ಡ ರೋಗವಂತೆ ಎಂದು ವಠಾರದಲ್ಲಿ ಮಾತು ಹುಟ್ಟಿತು. ಯಾರೂ ನಮ್ಮ ಹೊಸಿಲು ತುಳಿಯದಾದರು. ಪಕ್ಕದ ಮನೆಯ ಮಲ್ಲಮ್ಮ ನಲ್ಲಿಯ ಹತ್ತಿರ ಕೇಳಿಯೇಬಿಟ್ಟಳು: "ಯಾಕಮ್ಮಾ, ದಿನಾ ಕರೀತೀರಲ್ಲ, ನಿಮ್ಮ ಸಿದ್ದಪ್ಪ ಇನ್ನೂ ರಾಯದುರ್ಗದ ಬಸ್ ಹತ್ತಿಲ್ಲೇನ್ರಿ?" ಬಿಂದಿಗೆ ಅರ್ಧ ತುಂಬಿದ್ದಂತೆಯೇ ಎತ್ತಿಕೊಂಡು ಬಂದೆ. ಭಾಗ್ಯ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಈ ಕೂಸನ್ನು ನನ್ನ ಕೈಯಿಂದಲೇ ಕಳಕೊಳ್ಳುತ್ತೇನೆ ಅನ್ನಿಸಿತು. ಮಗನಿಗೆ ಫೋನು ಮಾಡಿದರೆ, "ರೇಷ್ಮೆಹುಳ ಹಣ್ಣಾಗ್ತಾ ಐತಮ್ಮ, ಗೂಡು ಕಟ್ಟಿದೇಟ್ಗೆ ಬತ್ತೀವಿ" ಅಂದ. ಕೈಗೆ ಬಂದ ಬೆಳೆ, ಬಿಟ್ಟು ಬಾ ಅಂತ ಹೇಗೆ ಹೇಳಲಿ?

ನಾನೊಬ್ಬಳೇ ಅವಳನ್ನು ಬಳ್ಳಾರಿ ರೈಲು ಹತ್ತಿಸಿದೆ. ಆಸ್ಪತ್ರೆಯಲ್ಲಿ ನಮ್ಮನ್ನು ಒಳಗೆ ಕರೆದರು. ಡಾಕ್ಟರಮ್ಮ ಮುಟ್ಟುವ ಮೊದಲು ದೇವರ ಕೈ ಮುಟ್ಟಲಿ ಎಂದು ಸೆರಗಿನ ಗಂಟು ಬಿಚ್ಚಿ ಭಾಗ್ಯಳ ಹಣೆಗೆ ವಿಭೂತಿ ಇಟ್ಟೆ. ಅವಳು ನನ್ನ ಕೈ ಹಿಡಿದು ಅಂಗೈಯಲ್ಲಿ ಉಳಿದದ್ದನ್ನು ನೆಕ್ಕಿಬಿಟ್ಟಳು.

"ಏನ್ ತಿಂದಿಯವ್ವಾ?" ಡಾಕ್ಟರಮ್ಮ ಕೇಳಿದರು.

"ನಮ್ ಕೂಸಿಗೆ ಬಲು ಭಕ್ತಿ ತಾಯಿ. ದಿನಾ ತಿಂತಾಳೆ" ಅಂದೆ, ಹೆಮ್ಮೆಯಿಂದಲೇ.

"ದಿನಾ? ಎಷ್ಟು?"

ಭಾಗ್ಯ ತಲೆ ತಗ್ಗಿಸಿದಳು. "ಅಜ್ಜಿ ಮಲಗಿದ್ಮೇಲೆ ಪೂರ್ತಿ ಗಟ್ಟಿ. ಅದಿಲ್ದಿದ್ರೆ ಗೋಡೆ ಸುಣ್ಣ ಕೆರಕೊಂಡು ತಿಂತೀನಿ. ತಡಕೊಳ್ಳಾಕಾಗಲ್ಲ."

ಡಾಕ್ಟರಮ್ಮ ನಗಲಿಲ್ಲ, ಬೈಯಲಿಲ್ಲ. "ಅಜ್ಜಿ, ಇದು ಭಕ್ತಿ ಅಲ್ರಿ. ರಕ್ತ ಕಮ್ಮಿ ಇದ್ದೋರಿಗೆ ಮಣ್ಣು, ಬೂದಿ, ಸುಣ್ಣ ತಿನ್ಬೇಕು ಅನ್ನಿಸ್ತೈತಿ. ಮಾತ್ರೆ ನುಂಗಿದ್ರೂ ರಕ್ತ ಏರವಲ್ದು ಅಂದ್ರ ಹೊಟ್ಟಿ ಒಳಗ ನೋಡ್ಬೇಕು."

ಬಾಯಿಯಿಂದ ಕೊಳವೆ ಇಳಿಸಿ ನೋಡಿದರು. ಜಠರದ ಗೋಡೆಯಲ್ಲಿ ಕಣ್ಣಿಗೆ ಕಾಣದ ಕ್ರಿಮಿ ಮನೆ ಮಾಡಿಕೊಂಡಿತ್ತಂತೆ. ಹೊಟ್ಟೆ ಉರಿಗೆ ಅದೇ ಕಾರಣ, ಮಾತ್ರೆಯ ಕಬ್ಬಿಣ ಮೈಗೆ ಸೇರದಂತೆ ಮಾಡಿದ್ದೂ ಅದೇ. ಮೊದಲು ಕ್ರಿಮಿಗೆ ಔಷಧಿ, ಆಮೇಲೆ ಮತ್ತೆ ಕಬ್ಬಿಣದ ಮಾತ್ರೆ. "ಅರ್ಧಕ್ಕೆ ಬಿಡಬ್ಯಾಡ್ರಿ" ಎಂದು ಎರಡು ಸಲ ಹೇಳಿದರು. ಬಾಯಿ ಕಹಿ ಎಂದು ಭಾಗ್ಯ ಅತ್ತಳು. ಆದರೂ ನಾನು ಮಾತ್ರೆ ಬಿಡಿಸಲಿಲ್ಲ. ಒಂದು ದಿನ ನೋಡಿದರೆ ವಿಭೂತಿ ಗಟ್ಟಿ ಇಟ್ಟಲ್ಲೇ ಇದೆ, ಇಲಿಯೂ ಮುಟ್ಟಿಲ್ಲ. ಅವತ್ತು ಫೋಟೋದ ಮುಂದೆ ಕೂತು ಮನಸಾರೆ ಅತ್ತೆ.

ಮಲ್ಲಮ್ಮನಿಗೂ ಈಗ ಉತ್ತರ ಹೇಳಿದ್ದೇನೆ. ಸಿದ್ದಪ್ಪ ಎಂದೋ ಬಸ್ ಹತ್ತಿದ್ದ, ನನ್ನ ಸೆರಗಿನ ಗಂಟಿನಲ್ಲಿ ಟಿಕೆಟ್ಟಿಲ್ಲದೆ ಕೂತಿದ್ದ. ಹುಡುಗಿಯ ನೋವನ್ನು ನನ್ನ ಅಂಗೈಯಲ್ಲೇ ಇಟ್ಟು ತೋರಿಸುತ್ತಿದ್ದ. ಓದಲು ನನಗೆ ಬರಲಿಲ್ಲ. ಓದಲು ಬರುವವರ ಮುಂದೆ ಕರೆದೊಯ್ದು ಗಂಟು ಬಿಚ್ಚಿಸಿದ. ನಿಮ್ಮ ಮನೆಯ ಮಕ್ಕಳೂ ಬೂದಿಗೋ ಮಣ್ಣಿಗೋ ಆಸೆಪಟ್ಟರೆ ದೇವರಿಗೆ ಕೈ ಮುಗಿದು ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಒಂದಾದ ಮೇಲೊಂದು ಹುಳದ ಬೆಳೆ ಎಂದು ತಡವಾಗಿದ್ದ ಮಗ, ಸೊಸೆ ನಿನ್ನೆ ಸಂಜೆ ಕಲ್ಯಾಣದುರ್ಗದಲ್ಲಿ ಬಸ್ ಬದಲಿಸಿಕೊಂಡು ಬಂದಿಳಿದರು. ಅಷ್ಟು ದಿನ ನಾನೊಬ್ಬಳೇ ಕೂತು ಕೂತು ಸವೆಸಿದ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ಯಾಂಟಿನ ಗಂಟುಗಳನ್ನು ಮೂಲೆಗೆ ತಳ್ಳಿ ಎಲ್ಲರೂ ಸುತ್ತ ಕೂತೆವು. ಸೊಸೆ ಮುದ್ದೆ ಕಟ್ಟಿದಳು, ನಾನು ಹುರುಳಿಕಾಳಿನ ಸಾರು ಬಡಿಸಿದೆ. ಅಭ್ಯಾಸಬಲದಿಂದ ವಿಭೂತಿ ತಗೊಂಡು ಭಾಗ್ಯಳ ಹಣೆಗೆ ಇಟ್ಟೆ.

"ಹಣೆಗೆ ಸಾಕು ಕಣಜ್ಜಿ" ಎಂದು ತಟ್ಟೆ ಮುಂದೆ ಚಾಚಿದಳು. "ಹೊಟ್ಟೆಗೆ ಇನ್ನೊಂದು ಮುದ್ದೆ ಇಕ್ಕು."