ಶೇಖರಣ್ಣ ಸೋಲೊಪ್ಪಿದ ಶುಕ್ರವಾರ

ಜನವರಿಯ ಒಂದು ಶುಕ್ರವಾರ. ಊಟ ಮುಗಿದಿತ್ತು, ಸಂಜೆಯ ಬಾಂಗಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ದೋಹಾದ ಬಿನ್ ಒಮ್ರಾನ್‌ನಲ್ಲಿ ಅಶ್ರಫನ ಕೆಫೆಟೇರಿಯಾದೊಳಗೆ, ಫ್ರಿಜ್ಜಿಗೂ ಗಾಜಿನ ಬಾಗಿಲಿಗೂ ನಡುವೆ, ಗೋಡೆಗೆ ಒರಗಿ ನಾನು ನಿಂತಿದ್ದೆ. ಶೇಖರಣ್ಣನ ಹಣೆ ಮೇಜಿಗೆ ತಾಗಿದ್ದನ್ನು ಅಲ್ಲಿಂದ ನೋಡಿದೆ. ನಡುವೆ ಯಾರೂ ಅಡ್ಡ ಇರಲಿಲ್ಲ. ಹಣೆ ತಾಗಿದ ಕೂಡಲೇ ನಾವು ಚಪ್ಪಾಳೆ ತಟ್ಟಿದೆವು.

ಯಾಕೆ ತಟ್ಟಿದೆವು ಎಂದು ಹೇಳಬೇಕಾದರೆ ನಮ್ಮ ಮೂರ್ಖತನವನ್ನು ಮೊದಲಿನಿಂದ ಹೇಳಬೇಕು.

ನಾನು ಹಮದ್ ಬಂದರಿನಲ್ಲಿ ಕಂಟೇನರುಗಳ ಕಾಗದಪತ್ರ ನೋಡುವವನು. ಬಂದ ಮೊದಲ ವರ್ಷ ಪ್ಲೈವುಡ್ ಹೊಡೆದು ಮೂರು ಪಾಲು ಮಾಡಿದ ಕೋಣೆಯ ನಡುವಿನ ಪಾಲಿನಲ್ಲಿದ್ದೆ. ಇಲ್ಲಿ ಅದಕ್ಕೆ ಪಾರ್ಟಿಷನ್ ಎನ್ನುತ್ತಾರೆ. ಎಡಗಡೆಯವನ ಕೆಮ್ಮು, ಬಲಗಡೆಯವನ ಫೋನಿನ ಜಗಳ ಎರಡೂ ಬಾಯಿಪಾಠವಾಗಿದ್ದವು, ಅವರ ಹೆಸರು ಗೊತ್ತಿರಲಿಲ್ಲ. ಅಂಗಡಿಯಲ್ಲಿ ಮಲಯಾಳ, ಟ್ಯಾಕ್ಸಿಯಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷ್. ಒಂದು ದಿನ ಕೆಫೆಟೇರಿಯಾದಲ್ಲಿ ಕರಕ್, ಅಂದರೆ ಏಲಕ್ಕಿ ಹಾಕಿ ಕುದಿಸಿದ ಗಟ್ಟಿ ಚಹಾ, ಕೈಮೇಲೆ ಚೆಲ್ಲಿ ತುಳುವಿನಲ್ಲಿ ಬೈದುಕೊಂಡೆ. ಪಕ್ಕದ ಮೇಜಿನಿಂದ ಒಬ್ಬರು, "ಊರು ಯಾವುದು ಮಾರಾಯ? ಬೈಗುಳ ಕಾಪು ಕಡೆಯದ್ದು" ಎಂದರು. ಅವರೇ ಶೇಖರಣ್ಣ. ಉತ್ತರದ ಅಲ್ ಖೋರ್‌ನಲ್ಲಿ ಇದ್ದು, ಗ್ಯಾಸ್ ಸ್ಥಾವರದಲ್ಲಿ ಫೋರ್‌ಮನ್ ಆಗಿದ್ದವರು. ಶುಕ್ರವಾರ ಬಸ್ಸು ಹತ್ತಿ ದೋಹಾಕ್ಕೆ ಬರುತ್ತಿದ್ದರು. ಅಂದಿನಿಂದ ನನಗೂ ಒಂದು ಶುಕ್ರವಾರ ಎಂಬುದು ಸಿಕ್ಕಿತು.

ಆ ಶುಕ್ರವಾರಗಳನ್ನು ನಾವು ಏನು ಮಾಡಿದೆವು? ಅಮೆರಿಕದ ಕಾಲೇಜು ಫುಟ್‌ಬಾಲ್‌ಗೆ ಕೊಟ್ಟೆವು. ಶಿರ್ವದ ಡೆನಿಸ್ ತನ್ನ ಅಮೆರಿಕನ್ ಮ್ಯಾನೇಜರನ್ನು ಮೆಚ್ಚಿಸಲು ಆ ಆಟ ಕಲಿತ. ಆ ರೋಗವನ್ನು ನಮಗೂ ಹಚ್ಚಿದ. ಹೆಸರಿಗೆ ಫುಟ್‌ಬಾಲ್, ಕಾಲಿಗೆ ಕೆಲಸ ಕಡಿಮೆ. ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು, ಬೀಳುವುದು, ನಿಂತು ಚರ್ಚಿಸುವುದು. ಕೊನೆಗೆ ಪ್ಲೇಆಫ್. ಒಂದು ಸಮಿತಿ ಕೋಣೆಯೊಳಗೆ ಕುಳಿತು ಹನ್ನೆರಡು ತಂಡಗಳನ್ನು ಆರಿಸುತ್ತದೆ. ಮೇಲಿನ ನಾಲ್ಕಕ್ಕೆ ಮೊದಲ ಸುತ್ತು ಆಡುವ ಕಷ್ಟವೂ ಇಲ್ಲ. ಆ ದೇಶ ನೋಡದ, ಆ ಕಾಲೇಜುಗಳ ಹೆಸರೂ ನಾಲಗೆಗೆ ಹತ್ತದ ನಾವು, ಅಂಗಿಯ ಬಣ್ಣದಿಂದ ಅವನ್ನು ಕೆಂಪು, ನೀಲಿ ಎಂದು ಕರೆದು ಅಣ್ಣತಮ್ಮಂದಿರ ಆಸ್ತಿ ಜಗಳದಂತೆ ಕಚ್ಚಾಡುತ್ತಿದ್ದೆವು. ಊರಿನ ಸುದ್ದಿಗೆ ಅಷ್ಟು ಉಸಿರು ಖರ್ಚು ಮಾಡಿದ್ದಿಲ್ಲ.

ನಮ್ಮಲ್ಲಿ ಎರಡು ಕಟ್ಟಳೆಗಳಿದ್ದವು. ಫೈನಲ್ ನಡೆಯುವುದು ವಾರದ ನಡುವೆ, ನಮಗೆ ಇನ್ನೂ ಬೆಳಕು ಹರಿಯುವ ಮೊದಲು. ಅದರ ರೆಕಾರ್ಡಿಂಗನ್ನು ಶುಕ್ರವಾರ ನೋಡುತ್ತಿದ್ದೆವು. ಆಟ ನೋಡುವ ನಡುವೆ ಯಾರೂ ಫಲಿತಾಂಶ ಕದ್ದು ನೋಡಬಾರದೆಂದು ಎಲ್ಲರ ಫೋನುಗಳನ್ನೂ ಅಶ್ರಫ್ ತನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದ, ತನ್ನದನ್ನೂ ಸೇರಿಸಿ. ಇನ್ನೊಂದು, ವಾದದಲ್ಲಿ ಸೋತವನು ಹಣೆಯನ್ನು ಮೇಜಿಗೆ ತಾಗಿಸಬೇಕು. ಉಳಿದವರು ಸಾಕೆನ್ನುವವರೆಗೆ ಎತ್ತಬಾರದು.

ಆ ದಿನ ಬಸ್ಸಿನಿಂದ ಇಳಿದಾಗಲೇ ಶೇಖರಣ್ಣನ ಮುಖ ಬೆವರಿತ್ತು. ಜನವರಿಯಲ್ಲಿ ಇಲ್ಲಿ ಯಾರೂ ಬೆವರುವುದಿಲ್ಲ.

"ಎದೆ ಸ್ವಲ್ಪ ಬಿಗಿ ಉಂಟು. ಗ್ಯಾಸ್ ಇರ್ಬೇಕು," ಎಂದರು.

"ಕ್ಲಿನಿಕ್ ಇಲ್ಲೇ ಉಂಟಲ್ಲ, ಹೋಗಿ ಬರುವಾ," ಎಂದೆ.

"ಮ್ಯಾಚ್ ಮುಗೀಲಿ ಮಾರಾಯ. ಎಲ್ಲಿಗೂ ಓಡಿ ಹೋಗುದಿಲ್ಲ ಅದು."

ಅವರ ಕೆಂಪು ಫೈನಲ್‌ನಲ್ಲಿ ಇರಲೇ ಇಲ್ಲ. ಸಮಿತಿ ಅದನ್ನು ಹನ್ನೆರಡರೊಳಗೆ ಸೇರಿಸಿಯೇ ಇರಲಿಲ್ಲ. ಆದರೂ ಅವರಿಗೆ ಕ್ಲಿನಿಕ್ಕಿಗಿಂತ ಆ ನ್ಯಾಯ ಮುಖ್ಯವಾಗಿತ್ತು.

"ನನ್ನ ಕೆಂಪು ಸೋತದ್ದು ಒಂದೇ. ನಿನ್ನ ನೀಲಿ ಎರಡು ಸೋತು ಒಳಗೆ ಉಂಟು. ಕೋಣೆಯಲ್ಲಿ ಕೂತವರು ಎಂತ ನೋಡಿದ್ದು?"

"ಎದುರು ಯಾರು ಅಂತ ನೋಡಿದ್ದು," ಎಂದ ಡೆನಿಸ್. "ನಿಮ್ಮವರು ಆಡಿದ್ದು ಬಾಲವಾಡಿ ಮಕ್ಕಳೊಟ್ಟಿಗೆ ಮಾರಾಯ್ರೆ!"

"ಸಮೋಸ ತಣ್ಣಗಾಗ್ತದೆ. ಅಮೆರಿಕದವ್ರು ಬಂದು ತಿನ್ನುದಿಲ್ಲ," ಎಂದು ಅಶ್ರಫ್ ಕೌಂಟರಿನಿಂದ ಕೂಗಿದ.

ಶೇಖರಣ್ಣ ಕೇಳಿಸಿಕೊಳ್ಳಲಿಲ್ಲ. "ಆಡಿ ಸೋತ್ರೆ ಸರಿ. ಆಡ್ಲಿಕ್ಕೇ ಬಿಡದಿದ್ರೆ..." ಎಂದರು. ಹಣೆ ಮೇಜಿಗೆ ತಾಗಿತು.

"ಖಲಾಸ್!" ಎಂದು ಡೆನಿಸ್ ಎದ್ದು ನಿಂತ. ಮುಗಿಯಿತು ಎಂಬುದಕ್ಕೆ ಇಲ್ಲಿ ಎಲ್ಲರೂ ಆಡುವ ಮಾತು. "ಶೇಖರಣ್ಣ ಸೋತ್ರು! ಏಳ್ಬೇಡಿ, ಏಳ್ಬೇಡಿ. ನೀಲಿಗೆ ಜೈ ಹೇಳಿದ ಮೇಲೆ ಏಳಿ."

ಅವರು ಏಳಲಿಲ್ಲ. ಅದನ್ನೂ ನಾವು ಕಟ್ಟಳೆಯ ಪಾಲನೆ ಎಂದುಕೊಂಡೆವು. ಎಷ್ಟು ಹೊತ್ತು ಎಂದು ಹೇಳಲಾರೆ. ಡೆನಿಸನ ಕರಕ್ ಮೇಲೆ ಕೆನೆ ಕಟ್ಟಿತ್ತು. ನೀಲಿ ಒಂದು ಸಲ ಅಂಕ ಗಳಿಸಿತು, ನಾವು ಪುನಃ ಕೂಗಿದೆವು. ಆಮೇಲೆ ಶೇಖರಣ್ಣನ ಬಲಗೈ ಮೇಜಿನ ಅಂಚಿನಿಂದ ಜಾರಿ ಕೆಳಗೆ ತೂಗಿತು. ಆ ಕೈ ತೂಗಿದ ರೀತಿ ನೋಡಿ ಗೊತ್ತಾಯಿತು.

ಅಶ್ರಫ್ ಬೀಗದ ಕೈ ಹುಡುಕತೊಡಗಿದ. ಷರಟಿನ ಜೇಬು, ಪ್ಯಾಂಟಿನ ಜೇಬು, ಚಹಾದ ಡಬ್ಬದ ಹಿಂದೆ. ಫೋನಿಲ್ಲದ ಇಷ್ಟು ಜನ ಗಂಡಸರು ಅತ್ತಿತ್ತ ಓಡಾಡಿದೆವು. ನಾನು ಬಾಗಿಲು ತೆರೆದು ಕೂಗಿದೆ. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಫೋನ್ ಮಾಡಿದರು. ಆಂಬುಲೆನ್ಸ್ ಬೇಗ ಬಂತು. ತಡಮಾಡಿದ್ದು ನಾವು. ಆಸ್ಪತ್ರೆಯಲ್ಲಿ ಡಾಕ್ಟರರು ಏನೂ ಉಳಿದಿಲ್ಲ ಎಂದಾಗ ಕೆಫೆಟೇರಿಯಾದ ಟಿವಿಯಲ್ಲಿ ಆಟ ಇನ್ನೂ ನಡೆದಿತ್ತಂತೆ, ಆರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಊರಿನ ಬಸ್‌ಸ್ಟಾಂಡಿನಲ್ಲಿ ಒಬ್ಬ ತಲೆ ಬಗ್ಗಿಸಿ ಕೂತರೆ ಸಾಕು, ಸೋಡಾ ತರುವವನೊಬ್ಬ, ರಿಕ್ಷಾ ಕರೆಯುವವನೊಬ್ಬ, ಯಾರ ಮಗ ಎಂದು ವಿಚಾರಿಸುವವನೊಬ್ಬ. ಆ ಕುತೂಹಲದಿಂದ ತಪ್ಪಿಸಿಕೊಳ್ಳಲೆಂದೇ ನಾನು ಇಲ್ಲಿಗೆ ಬಂದದ್ದು. ಈಗ ರಜೆಗೆ ಹೋದಾಗ ಅದೇ ಬಸ್‌ಸ್ಟಾಂಡಿನಲ್ಲಿ ಯಾರಾದರೂ ಮಾತಾಡಿಸಿದರೆ ಮುಖ ತಿರುಗಿಸುತ್ತೇನೆ. ಇಲ್ಲಿಗೆ ಮರಳಿದರೆ, ಮಾತಾಡಿಸುವವರಿಲ್ಲ ಎಂದು ಬೇಸತ್ತು ಆ ಕೆಫೆಟೇರಿಯಾಕ್ಕೇ ಹೋಗುತ್ತೇನೆ.

ಅವರ ಹೆಂಡತಿ ಫೋನಿನಲ್ಲಿ ಕೇಳಿದ್ದು ಒಂದೇ. "ಕೊನೆಗೆ ಎಂತ ಹೇಳಿದ್ರು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಒಂದು ಕಾಲೇಜನ್ನು ಆಡಲು ಬಿಡಲಿಲ್ಲ ಎಂದರು, ಎಂದೆ.

"ಯಾವ ಕಾಲೇಜು?" ಎಂದು ಆಕೆ ಕೇಳಿದರು.

ನನಗೆ ಗೊತ್ತಿರಲಿಲ್ಲ. ಡೆನಿಸನಿಗೆ ಗೊತ್ತಿದ್ದೀತು, ನಾನು ಕೇಳಿಲ್ಲ.

ಶೇಖರಣ್ಣನ ಹಣೆ ಮೇಜಿಗೆ ತಾಗಿದ್ದನ್ನು ಹತ್ತಿರದಿಂದ ನೋಡಿದವರು ಮೂವರು. ಡೆನಿಸ್ ಇದ್ದಾನೆ, ಈಗ ಬೇರೆ ಕಡೆ ಚಹಾ ಕುಡಿಯುತ್ತಾನೆ. ಅಶ್ರಫ್ ಇದ್ದಾನೆ, ಡ್ರಾಯರಿನ ಬೀಗ ಕಿತ್ತು ಹಾಕಿದ್ದಾನೆ. ನಾನಿದ್ದೇನೆ.